ಮೊದಲ ದಿನವನ್ನಲ್ಲ, ಅನಂತರದ ವರ್ಷಗಳನ್ನು ಬರೆಯಿರಿ

ಪ್ರಿಯ ಮಿತ್ರರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಓದಿದೆ. ದೂರದ ನಕ್ಷತ್ರವೊಂದರ ಬಳಿ ಬುದ್ಧಿವಂತ ಜೀವಿಗಳಿರುವುದಕ್ಕೆ ಪುರಾವೆ ಸಿಕ್ಕ ದಿನವೇ ಜನ ದಿಕ್ಕೆಟ್ಟು ಬೀದಿಗಿಳಿಯುತ್ತಾರೆ, ಸರ್ಕಾರಗಳು ತತ್ತರಿಸುತ್ತವೆ, ಧರ್ಮಗಳು ಕುಸಿಯುತ್ತವೆ ಎಂದು ಚಿತ್ರಿಸಿದ್ದೀರಿ. ಬರವಣಿಗೆಯಲ್ಲಿ ಕಸುವಿದೆ. ಆದರೆ ಆ ದಿನವನ್ನು ನಾನು ನಂಬಲಾರೆ, ಏಕೆಂದರೆ ಇಂಥ ಪುರಾವೆ ಒಂದೇ ದಿನದಲ್ಲಿ ಕೈಗೆ ಸಿಗುವಂಥದ್ದಲ್ಲ.

1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ರೇಡಿಯೊ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರಿನಷ್ಟು ಹೊರಬರುತ್ತಿದ್ದ ಕಾಗದದ ಸುರುಳಿಯನ್ನು ಕಣ್ಣಳತೆಯಲ್ಲೇ ಪರೀಕ್ಷಿಸುತ್ತಿದ್ದರು. ಅದರಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ ಜಾಗದಲ್ಲಿ, ಪರಿಚಿತವಾದ ಯಾವುದಕ್ಕೂ ಹೊಂದದ ಗೀಚೊಂದು ಕಂಡಿತು. ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಅದು ಸುಮಾರು 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುತ್ತಿತ್ತು. ಉಪಕರಣದ ದೋಷವೇ, ಭೂಮಿಯ ಮೇಲಿನದೇ ಯಾವುದಾದರೂ ಸಂಕೇತವೇ ಎಂದು ತಂಡದವರು ಒಂದೊಂದನ್ನೇ ಪರಿಶೀಲಿಸಿದರು. ಅನ್ಯಲೋಕದವರ ಸಾಧ್ಯತೆಯೂ ಅವರ ಮನಸ್ಸಿನಲ್ಲಿ ಸುಳಿಯದಿರಲಿಲ್ಲ. ಆಕಾಶದ ಬೇರೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಮಿಡಿತ ಸಿಕ್ಕ ಮೇಲೆ, ಎರಡು ಕಡೆಯ ಅನ್ಯಲೋಕದವರು ಒಂದೇ ಬಗೆಯಲ್ಲಿ ಸಂಕೇತ ಕಳುಹಿಸುವುದು ಅಸಂಭವವೆನಿಸಿ ಆ ಊಹೆ ಬಿದ್ದುಹೋಯಿತು, 1968ರ ಫೆಬ್ರುವರಿಯಲ್ಲಿ ಜಗತ್ತಿಗೆ ತಿಳಿದದ್ದು ಪಲ್ಸಾರ್‌ಗಳ, ಅಂದರೆ ಗಿರಗಿರನೆ ತಿರುಗುತ್ತ ರೇಡಿಯೊ ಮಿಡಿತ ಸೂಸುವ ನಕ್ಷತ್ರಗಳ ಸುದ್ದಿ. ನಿಮ್ಮ ಕಾದಂಬರಿಯ ಜೀವ ಇರಬೇಕಾದದ್ದು ಇಂಥ ನಡುವಿನ ವಾರಗಳಲ್ಲಿ. ವಿಷಯ ತಿಳಿದವರು ಕೆಲವೇ ಮಂದಿ, ಅವರಿಗೂ ಖಾತ್ರಿಯಿಲ್ಲ, ಹೇಳಿದರೂ ಕಷ್ಟ, ಮುಚ್ಚಿಟ್ಟರೂ ಕಷ್ಟ.

ಜನರ ದಿಗಿಲನ್ನೂ ನೀವು ಹಿಗ್ಗಿಸಿದ್ದೀರಿ. 1996ರ ಆಗಸ್ಟ್‌ನಲ್ಲಿ, ಮಂಗಳದಿಂದ ಬಂದ ಉಲ್ಕಾಶಿಲೆಯೊಂದರಲ್ಲಿ ಪ್ರಾಚೀನ ಸೂಕ್ಷ್ಮಜೀವಿಗಳ ಕುರುಹಿರಬಹುದೆಂದು ನಾಸಾದ ವಿಜ್ಞಾನಿಗಳು ಪ್ರಕಟಿಸಿದಾಗ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಆ ಬಗ್ಗೆ ಮಾತನಾಡಿದರು. ಕುತೂಹಲ ಕೆರಳಿತು, ವಾದವಿವಾದ ಎದ್ದಿತು, ಬೇರೆ ವಿವರಣೆಗಳು ಬಂದವು, ಜನ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಸೂಕ್ಷ್ಮಜೀವಿಯ ಮಾತೇ ಬೇರೆ, ಬುದ್ಧಿವಂತರ ಸಂದೇಶವೇ ಬೇರೆ ಎಂದು ನೀವು ಹೇಳಬಹುದು, ಅದು ನ್ಯಾಯವೇ. ಆದರೂ ಭೂಮಿ ವಿಶ್ವದ ಕೇಂದ್ರವಲ್ಲವೆಂಬ ಅರಿವನ್ನು ಅರಗಿಸಿಕೊಂಡ ನಂಬಿಕೆಗಳು ಇದಕ್ಕೂ ಜಾಗ ಮಾಡಿಕೊಡುತ್ತವೆ ಎಂದೇ ನನ್ನ ಎಣಿಕೆ.

ನಿಮ್ಮ ಹಸ್ತಪ್ರತಿಯಲ್ಲಿ ದೂರದ ಭಾರ ಎಲ್ಲಿಯೂ ಕಾಣುವುದಿಲ್ಲ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛದತ್ತ ಸಂದೇಶ ಕಳುಹಿಸಿದರು; ಆ ಗುಚ್ಛ ಸುಮಾರು 25,000 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದಲ್ಲಿದೆ, ಅಂದರೆ ಅಲ್ಲಿಯವರು ಕೂಡಲೇ ಉತ್ತರಿಸಿದರೂ ಆ ಉತ್ತರ ಇಲ್ಲಿಗೆ ಬರಲು ಒಟ್ಟು 50,000 ವರ್ಷ ಬೇಕು. ನೂರು ಜ್ಯೋತಿರ್ವರ್ಷದಷ್ಟು ಸಮೀಪದವರೇ ಆದರೂ ಪ್ರಶ್ನೆ ಕೇಳಿದವರು ಉತ್ತರ ಕೇಳುವುದಿಲ್ಲ. ಒಬ್ಬರಿದ್ದಾರೆಂದು ಗೊತ್ತಾಗಿಯೂ ಒಂದು ಮಾತು ಆಡಲಾಗದ ಆ ಸಂಕಟದಲ್ಲಿ ಬೆಳೆಯುವ ತಲೆಮಾರು ಹೇಗಿರುತ್ತದೆ? ಶಾಲೆಯಲ್ಲಿ ಅದನ್ನು ಪಾಠವಾಗಿ ಓದುವ ಮಗುವಿಗೆ ಅದು ಅಚ್ಚರಿಯೋ, ಬರೀ ಪರೀಕ್ಷೆಯ ಪ್ರಶ್ನೆಯೋ?

ನಿಜವಾದ ಜಗಳ ಉತ್ತರದ ಬಗ್ಗೆ ಹುಟ್ಟುತ್ತದೆ. ಅಂತರರಾಷ್ಟ್ರೀಯ ಸಮಾಲೋಚನೆ ನಡೆಯುವವರೆಗೆ ಯಾರೂ ಉತ್ತರಿಸಬಾರದೆಂದು ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ 1989ರಲ್ಲಿ ಅಂಗೀಕರಿಸಿದ ತತ್ತ್ವಗಳಲ್ಲಿದೆ, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ. ದೊಡ್ಡ ಆಂಟೆನಾ ಇರುವವರು ಇಡೀ ಮನುಕುಲದ ಹೆಸರಿನಲ್ಲಿ ಮಾತನಾಡಿಬಿಟ್ಟರೆ ತಡೆಯುವವರು ಯಾರು? ಇದಕ್ಕೆ ನೀವು ಒಂದೇ ಪುಟ ಕೊಟ್ಟಿದ್ದೀರಿ. ಅದನ್ನು ಒಂದು ಅಧ್ಯಾಯವಾಗಿ ಬೆಳೆಸಿ, ಉತ್ತರಿಸಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಸಮಬಲದ ಮಾತು ಕೊಟ್ಟು, ದಯವಿಟ್ಟು ಮತ್ತೊಮ್ಮೆ ನನಗೆ ಕಳುಹಿಸಿ.

ನಿಮ್ಮ ವಿಶ್ವಾಸಿ