ಓದಿದ್ದೇನೆ ಅಂದಿದ್ದೆ, ಓದಿರಲಿಲ್ಲ

ಮಾಲೂರು
ಭಾನುವಾರ

ಪ್ರೀತಿಯ ಗೆಳೆಯ,

ನಾವೆಲ್ಲ ಕ್ಷೇಮ. ನಿಮ್ಮಮ್ಮನ ಮಂಡಿನೋವು ಈಗ ಹೇಗಿದೆ? ಚಳಿ ಶುರುವಾದರೆ ಅವರಿಗೆ ಜಾಸ್ತಿ ಆಗುತ್ತದೆ, ಅಲ್ವಾ?

ಫೋನಿನಲ್ಲಿ ಹೇಳೋಕೆ ಬಾಯಿ ಬರದ ಒಂದು ಮಾತಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ಕೊಟ್ಟ ಮಾಸ್ತಿಯವರ ಕಾದಂಬರಿ ‘ಚಿಕವೀರ ರಾಜೇಂದ್ರ’ವನ್ನು ನಾನು ಓದಿರಲಿಲ್ಲ. ಓದಿದ್ದೇನೆ ಅಂತ ನಿನಗೆ ಹೇಳಿದ್ದು ಸುಳ್ಳು.

2014ರ ಜೂನ್ 6 ನೆನಪಿದೆಯಾ? ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಒಂದು ವಾರ ಆಗಿತ್ತು. ಬೆಳಿಗ್ಗೆ ನೀನು ಸ್ಟೇಷನ್ನಿಗೆ ಬಂದು, ರೈಲು ಕಾಣಿಸುವ ಹೊತ್ತಿಗೆ ಪುಸ್ತಕವನ್ನು ನನ್ನ ಕೈಗಿಟ್ಟೆ. ಅವತ್ತು ಮಾಸ್ತಿಯವರು ಹುಟ್ಟಿದ ದಿನ. 1891ರಲ್ಲಿ ನಮ್ಮ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದರು, 1986ರಲ್ಲಿ ಅದೇ ಜೂನ್ 6ರಂದು ತೀರಿಕೊಂಡರು ಅಂತ ನನಗೆ ಹೇಳಿಕೊಟ್ಟಿದ್ದೂ ನೀನೇ. “ದಿನಾ ರೈಲಲ್ಲಿ ಕೂತಿರ್ತೀಯಲ್ಲ, ಓದಿಬಿಡು” ಅಂದೆ. ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ ಬರೆದಿದ್ದೆ, “ಮುಗಿಸಿದ ಮೇಲೆ ಕೂತು ಮಾತಾಡೋಣ”.

ಎರಡು ತಿಂಗಳು ಅದನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹೊತ್ತೆ. ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ದೇವನಗೊಂದಿ ಸ್ಟೇಷನ್ ಬರುವಷ್ಟರಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಚೀಲಕ್ಕೆ. ಸಂಜೆ ನಿದ್ದೆ ಎಳೆಯುತ್ತಿತ್ತು. ಇದೆಲ್ಲ ನಿಜ. ಆದರೆ ಸೀಟು ಸಿಕ್ಕ ದಿನಗಳೂ ಇದ್ದವು, ನಿದ್ದೆ ಬರದ ದಿನಗಳೂ ಇದ್ದವು. ಆಗೆಲ್ಲ ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದೇನೆ. 38ನೇ ಪುಟಕ್ಕೆ ಗುರುತಾಗಿ ಇಟ್ಟಿದ್ದ ರೈಲಿನ ಪಾಸು ಮೊನ್ನೆಯವರೆಗೂ ಅಲ್ಲೇ ಇತ್ತು. ಅದರ ಮೇಲಿನ ಅಕ್ಷರಗಳು ಅಳಿಸಿಹೋಗಿ ಬರೀ ಹಳದಿ ಚೀಟಿ ಉಳಿದಿದೆ.

ಆ ವರ್ಷ ದೀಪಾವಳಿ ಹೊತ್ತಿಗೆ ನೀನು ಫೋನ್ ಮಾಡಿ “ಓದಿದ್ಯಾ?” ಅಂದೆ. ನಾನು “ಹೂಂ, ತುಂಬಾ ಚೆನ್ನಾಗಿದೆ” ಅಂದೆ. ನೀನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾನು ಮುಂದೆ ಏನಾದರೂ ಹೇಳಲಿ ಅಂತ ನೀನು ಕಾಯುತ್ತಿದ್ದೆ ಅಂತ ನನಗೆ ಗೊತ್ತು. ನಾನು ನಿಮ್ಮ ಕಡೆ ಮಳೆ ಹೇಗೆ ಅಂತ ಕೇಳಿದೆ. ಅವತ್ತಿನಿಂದ ನೀನು ಯಾವ ಪುಸ್ತಕದ ಮಾತು ತೆಗೆದರೂ ನನಗೆ ಎದೆ ಡವಡವ. ಏನೋ ನೆಪ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಕೊನೆಗೆ ನೀನೇ ಆ ಮಾತು ಎತ್ತುವುದನ್ನು ಬಿಟ್ಟೆ. ಹೈಸ್ಕೂಲಿನಿಂದ ನಮ್ಮಿಬ್ಬರಿಗೆ ಇದ್ದದ್ದೇ ಆ ಮಾತು ಕಣೋ. ಈಗ ಕೆಲಸ, ಸಾಲ, ಮಕ್ಕಳ ಫೀಸು, ಅಷ್ಟು ಕೇಳಿ ಮುಗಿಸುತ್ತೇವೆ. ಓದದ್ದಕ್ಕಿಂತ ಜಾಸ್ತಿ ನನ್ನನ್ನು ಕೊರೆಯುತ್ತಿರುವುದು ಇದು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಒಂದು ರಾಜ್ಯೋತ್ಸವದ ವೇದಿಕೆಯಲ್ಲಿ ನನಗೆ ಮೈಕ್ ಕೊಟ್ಟಿದ್ದರು. “ಮಾಸ್ತಿ ಕನ್ನಡದ ಆಸ್ತಿ” ಅಂದೆ. 1983ರ ಜ್ಞಾನಪೀಠ ಅವರಿಗೆ ಬಂತು, ಅವರು ನಮ್ಮ ತಾಲ್ಲೂಕಿನವರು ಅಂದೆ. ಚಪ್ಪಾಳೆ ಬಿತ್ತು. ಅವರು ಬರೆದದ್ದರಲ್ಲಿ ನಾನು ಪೂರ್ತಿ ಓದಿದ್ದು ಶಾಲೆಯ ಪಾಠ ಮಾತ್ರ. ನಮ್ಮ ಮನೆಯಲ್ಲಿ ಆಡುವುದು ತೆಲುಗು, ನನ್ನ ಕನ್ನಡ ಬಂದದ್ದು ಪುಸ್ತಕಗಳಿಂದ. ಅವರ ಮನೆಮಾತೂ ಕನ್ನಡವಲ್ಲ, ತಮಿಳು. 1943ರವರೆಗೆ ಸರ್ಕಾರಿ ಕೆಲಸವನ್ನೂ ಮಾಡಿಕೊಂಡೇ ಬರೆದರು. ಓದಲು ನನಗೆ ಪುರುಸೊತ್ತಿಲ್ಲ ಅನ್ನುವ ಮಾತನ್ನು ಅವರ ಎದುರಿಗೆ ಹೇಗೆ ಹೇಳಲಿ?

ಈ ದಸರಾದಲ್ಲಿ ಸರಸ್ವತಿ ಪೂಜೆಗೆ ಅಮ್ಮ ಪುಸ್ತಕಗಳನ್ನು ಜೋಡಿಸಿದಳು. ದಪ್ಪ ಪುಸ್ತಕ ಅಂತ ಪ್ರತಿ ವರ್ಷವೂ ಇದನ್ನೇ ಅಡಿಗೆ ಇಡುತ್ತಾಳೆ. ಮಾರನೆಯ ದಿನ ಎತ್ತಿಡುವಾಗ ರಟ್ಟಿನ ಮೇಲೆ ಕಣ್ಣು ಬಿತ್ತು. ಕುಂಕುಮದ ಚುಕ್ಕೆಗಳು, ಹಳೆಯದರ ಮೇಲೆ ಹೊಸದು. ಹಳೆಯವು ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಬೆನ್ನಿನ ಮಡಿಕೆಯಲ್ಲಿ ಯಾವ ವರ್ಷದ್ದೋ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಉಗುರಿನಿಂದ ಬಿಡಿಸಿದರೆ ಪುಡಿಯಾಯಿತು. ಇಷ್ಟು ವರ್ಷ ಇದಕ್ಕೆ ಕೈ ಮುಗಿದಿದ್ದೇನೆ, ತೆರೆದಿಲ್ಲ. ಅಲ್ಲೇ ನೆಲದ ಮೇಲೆ ಕೂತು ಮೊದಲ ಪುಟ ತೆಗೆದೆ. ನಿನ್ನ ಅಕ್ಷರ ಕಂಡಿತು.

ಬೀರುವಿನಲ್ಲಿ ಓದದ ಪುಸ್ತಕ ಇನ್ನೂ ನಲವತ್ತು ಇರಬಹುದು. ಹೆಚ್ಚಿನವು ನವೆಂಬರಿನ ರಿಯಾಯಿತಿಯಲ್ಲಿ ತಂದವು. ಬೇಕು ಅನಿಸಿ ತಂದವಲ್ಲ, ಕಡಿಮೆಗೆ ಸಿಕ್ಕಿತು ಅಂತ ತಂದವು. ಅವುಗಳ ಬಗ್ಗೆ ನನಗೆ ಅಂಥ ಸಂಕಟವಿಲ್ಲ. ಪರಿಚಯದ ಹುಡುಗರು ಹಾಸ್ಟೆಲಿನಲ್ಲಿದ್ದಾರೆ, ಬೇಕಾದ್ದನ್ನು ಆರಿಸಿಕೊಳ್ಳಿ ಅಂದಿದ್ದೇನೆ. ಆದರೆ ಒಬ್ಬರು ಮನಸ್ಸಿಟ್ಟು ಕೊಟ್ಟ ಪುಸ್ತಕವೇ ಬೇರೆ. ಅದು ಸಾಲ ಇದ್ದ ಹಾಗೆ.

ಈಗ ಮೊದಲಿಂದ ಶುರು ಮಾಡಿದ್ದೇನೆ. ಇಪ್ಪತ್ತು ನಿಮಿಷ ಮುಂಚೆ ಸ್ಟೇಷನ್ನಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಓದುತ್ತೇನೆ. ದಿನಕ್ಕೆ ಏಳೆಂಟು ಪುಟ. 38 ದಾಟಿದ ದಿನ ಆ ಹಳದಿ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡೆ. ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತು. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತು, ಈ ಚಿಕವೀರ ರಾಜೇಂದ್ರನೇ ಅಲ್ಲಿಯ ಕೊನೆಯ ರಾಜ. ಆದರೂ ಪುಟ ತಿರುಗಿಸುವಾಗ, ಈಗಲಾದರೂ ಯಾರಾದರೂ ಇವನನ್ನು ತಡೆಯಬಾರದಾ ಅನಿಸುತ್ತದೆ. ನಿನ್ನೆ ರೈಲು ಬಂದದ್ದೇ ತಿಳಿಯಲಿಲ್ಲ.

112ನೇ ಪುಟದಲ್ಲಿದ್ದೇನೆ. ರಾಜನ ಮಂತ್ರಿ ಕುಂಟ ಬಸವನ ಮೇಲೆ ನನಗೆ ಸಿಟ್ಟು ಬರಬೇಕು, ಬರುತ್ತದೆ ಕೂಡ, ಆದರೆ ಹಿಂದೆಯೇ ಅಯ್ಯೋ ಪಾಪ ಅನಿಸಿಬಿಡುತ್ತದೆ. ನಿನಗೂ ಹಾಗೇ ಆಗಿತ್ತಾ? ಮುಗಿಸಿದ ಮೇಲೆ ಮಾತಾಡೋಣ ಅಂತ ನೀನು ಬರೆದಿದ್ದೆ. ಅಲ್ಲಿವರೆಗೆ ನನಗೆ ತಡೆಯೋಕೆ ಆಗುತ್ತಿಲ್ಲ. ಈ ಕಾಗದ ಕೈ ಸೇರಿದ ದಿನವೇ ಫೋನ್ ಮಾಡು.

ನಿನ್ನ
ಮಾಲೂರಿನ ಗೆಳೆಯ