ಜಾಮ್ ಸೊರಗಿದ್ದಕ್ಕೆ ಕೇಳುಗರನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರಾಕ್ ಸಂಗೀತದ ಬಗ್ಗೆ ಬಂದ ಲೇಖನ ಓದಿದೆ. ಇಪ್ಪತ್ತು ನಿಮಿಷ ಜಾಮ್ ಮಾಡುವ (ಅಂದರೆ ಬ್ಯಾಂಡಿನವರೆಲ್ಲ ಕೂಡಿ ಹಾಡನ್ನು ಅಲ್ಲೇ ಹೊಳೆದ ಹಾಗೆ ಬೆಳೆಸುತ್ತಾ ನುಡಿಸುವ) ಕಾಲ ಮುಗಿಯಿತು, ಈಗಿನವರಿಗೆ ತಾಳ್ಮೆ ಎಲ್ಲಿದೆ ಎಂದು ಲೇಖಕರು ಕೇಳಿದ್ದಾರೆ. ಏನು ಕೆಟ್ಟರೂ ಕೇಳುಗರ ತಲೆಗೆ ಕಟ್ಟುವುದು ಸುಲಭ. ನನಗೇನೋ ತಪ್ಪು ಬ್ಯಾಂಡ್‌ಗಳದ್ದೇ ಜಾಸ್ತಿ ಅನ್ನಿಸುತ್ತದೆ.

1960ರ ದಶಕದ ಮಧ್ಯದಲ್ಲಿ ಅಮೆರಿಕದ ರಾಕ್ ಹುಡುಗರು ಜಾನ್ ಕೋಲ್ಟ್ರೇನ್‌ನ ಜಾಜ್ ಕೇಳಿದರು, ರವಿಶಂಕರ್ ಅವರ ಸಿತಾರ್ ಕೇಳಿದರು. ಒಂದೇ ಶ್ರುತಿ ಹಿಡಿದು ಎಷ್ಟು ಹೊತ್ತು ಬೇಕಾದರೂ ಬೆಳೆಸಬಹುದು ಅಂತ ಆಗ ಅವರಿಗೆ ಹೊಳೆಯಿತು. ಪಾಲ್ ಬಟರ್‌ಫೀಲ್ಡ್ ಬ್ಯಾಂಡಿನ 'ಈಸ್ಟ್-ವೆಸ್ಟ್' 1966ರಲ್ಲೇ 13 ನಿಮಿಷ ಮುಟ್ಟಿತು. ಅದರಲ್ಲಿ ರಾಗದ ನೆರಳು ಎದ್ದು ಕಾಣುತ್ತದೆ. ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ 'ಡಾರ್ಕ್ ಸ್ಟಾರ್', 1968ರಲ್ಲಿ ಬಿಡಿ ಹಾಡಾಗಿ ಬಂದ ಸಿಂಗಲ್ ರೆಕಾರ್ಡ್‌ನಲ್ಲಿ ಮೂರು ನಿಮಿಷವೂ ಇಲ್ಲ. ಮಾರನೇ ವರ್ಷದ ಲೈವ್ ಆಲ್ಬಮ್‌ನಲ್ಲಿ ಅದೇ ಹಾಡು 23 ನಿಮಿಷ! ಅವರ ಡ್ರಮ್ಮರ್ ಮಿಕಿ ಹಾರ್ಟ್ ನಮ್ಮ ತಬಲಾ ಉಸ್ತಾದ್ ಅಲ್ಲಾ ರಖಾ ಅವರ ಹತ್ತಿರ ಕಲಿತವರು.

ಜಾಮ್ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ 'ವಿಪ್ಪಿಂಗ್ ಪೋಸ್ಟ್' ಕೇಳಬೇಕು. ಸ್ಟುಡಿಯೋದಲ್ಲಿ ಐದು ನಿಮಿಷದ ಹಾಡು, ಇಲ್ಲಿ ಎಲ್‌ಪಿ ರೆಕಾರ್ಡಿನ ಒಂದು ಸೈಡ್ ಪೂರ್ತಿ. ಬೆರಿ ಓಕ್ಲಿಯ ಬೇಸ್ ಗಿಟಾರ್ ಒಂದೇ ಶುರುಮಾಡುತ್ತದೆ: 3, 3, 3, 2. ಒಟ್ಟು ಹನ್ನೊಂದು ಎಣಿಕೆ. ತಾಳ ಹಾಕಿ ಅಭ್ಯಾಸ ಇದ್ದವರು ತೊಡೆ ತಟ್ಟಿ ನೋಡಿ, ಮಜಾ ಇದೆ. ಹಾಡು ಬರೆದ ಗ್ರೆಗ್ ಆಲ್‌ಮನ್‌ಗೇ ಅದು ಹನ್ನೊಂದು ಅಂತ ಗೊತ್ತಿರಲಿಲ್ಲವಂತೆ, ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಅಣ್ಣ ಡುವೇನ್ ಹೇಳಬೇಕಾಯಿತು. ಅರ್ಧ ದಾರಿಗೆ ಬರುವಾಗ ತಾಳವೇ ಕರಗಿ ಹೋಗುತ್ತದೆ. ಗಿಟಾರ್ ಮೆಲ್ಲಗೆ ತಡಕಾಡುತ್ತದೆ, ಬೇಸ್ ಅದರ ಹಿಂದೆಯೇ ಹೋಗುತ್ತದೆ, ಇಬ್ಬರು ಡ್ರಮ್ಮರ್‌ಗಳು ಕೈ ಬಿಗಿಹಿಡಿದು ಕಾಯುತ್ತಾರೆ. ಒಬ್ಬ ಒಂದು ಸ್ವರ ಎಸೆದರೆ ಇನ್ನೊಬ್ಬ ಹಿಡಿಯುತ್ತಾನೆ. ಹಾಡು ಮುಗಿಯಿತು ಅನ್ನುವಾಗ ಟಿಂಪನಿ (ನಗಾರಿಯಂಥ ವಾದ್ಯ) ಗುಡುಗಿ ಅವರ ಮುಂದಿನ ಜಾಮ್, 'ಮೌಂಟನ್ ಜಾಮ್', ಶುರುವಾಗುತ್ತದೆ, ಅಷ್ಟರಲ್ಲಿ ಸೈಡ್ ಖಾಲಿ! ಮುಂದಿನದ್ದನ್ನು ಕೇಳಲು ಜನ 1972ರ 'ಈಟ್ ಎ ಪೀಚ್' ಆಲ್ಬಮ್‌ವರೆಗೆ ಕಾದರು. 33 ನಿಮಿಷದ ಆ ಜಾಮನ್ನು ಅಲ್ಲೂ ಎರಡು ಸೈಡ್‌ಗೆ ಕತ್ತರಿಸಿ ಹಾಕಿದ್ದರು. ಅದು ಬರುವ ಹೊತ್ತಿಗೆ ಡುವೇನ್ ಇರಲಿಲ್ಲ. 24ನೇ ವಯಸ್ಸಿಗೆ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ.

ಆಮೇಲೆ ಸಾವಿರಾರು ಜನ ಕೂರುವ ದೊಡ್ಡ ದೊಡ್ಡ ಅರೀನಾಗಳು ಬಂದವು, ಜಾಮ್ ಜಾಗದಲ್ಲಿ ಒಬ್ಬನೇ ನುಡಿಸುವ ಸೋಲೋ ಬಂದು ಕೂತಿತು. ಲೆಡ್ ಜೆಪ್ಲಿನ್‌ನ ಜಾನ್ ಬಾನ್‌ಹ್ಯಾಮ್ ಭಾರಿ ಡ್ರಮ್ಮರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಡ್ರಮ್ ಸೋಲೋ 'ಮೊಬಿ ಡಿಕ್' ಇಪ್ಪತ್ತು ನಿಮಿಷ ಎಳೆಯುವಾಗ ಉಳಿದ ಮೂವರು ವೇದಿಕೆ ಮೇಲೇ ಇರುತ್ತಿರಲಿಲ್ಲ. ಕಛೇರಿಯಲ್ಲಿ ತನಿ ಶುರುವಾದ ಕೂಡಲೇ ಕಾಫಿಗೆ ಏಳುವವರು ನಮ್ಮಲ್ಲೂ ಇದ್ದಾರೆ, ಅಲ್ವಾ? ಮೃದಂಗದವರಿಗೆ ಅದು ಅನ್ಯಾಯ. ರಾಕ್‌ನಲ್ಲಿ ಮಾತ್ರ ನಾನು ಎದ್ದು ಹೋಗುವವರ ಪರ. ಪ್ರತಿ ಊರಲ್ಲೂ ಅದೇ ಜಾಗದಲ್ಲಿ ಅದೇ ಕಸರತ್ತು ಮಾಡಿದರೆ ಯಾರು ಕೂರುತ್ತಾರೆ? 1976ರಲ್ಲಿ ರಾಮೋನ್ಸ್ ಬ್ಯಾಂಡ್ ತನ್ನ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಬಾರಿಸಿ ಮುಗಿಸಿದಾಗ ಹುಡುಗರಿಗೆ ಹಾಯೆನಿಸಿದ್ದು ಸುಮ್ನೆ ಅಲ್ಲ. 1981ಕ್ಕೆ ಹಾಡುಗಳ ವಿಡಿಯೋ ತೋರಿಸುವ ಎಂಟಿವಿ ಚಾನೆಲ್ ಬಂತು, ಮೂರ್ನಾಲ್ಕು ನಿಮಿಷದ ವಿಡಿಯೋ ಇಲ್ಲದ ಹಾಡಿಗೆ ಅಲ್ಲಿ ಜಾಗ ಇರಲಿಲ್ಲ.

ತಾಳ್ಮೆ ಸತ್ತಿದ್ದರೆ ಇದಕ್ಕೇನು ಹೇಳುತ್ತೀರಿ? ಗ್ರೇಟ್‌ಫುಲ್ ಡೆಡ್ 1984ರಲ್ಲಿ, ಟೇಪ್ ಮಾಡಿಕೊಳ್ಳುವ ಅಭಿಮಾನಿಗಳಿಗೆಂದೇ ಬೇರೆ ಜಾಗ ಕೊಟ್ಟಿತು. ನಿನ್ನೆಯ ಹಾಡು ಇವತ್ತು ಬೇರೆ ಥರ ಇರುತ್ತದೆ ಎಂಬ ನಂಬಿಕೆ ಇಲ್ಲದೆ ಯಾರು ತಾನೇ ಮೈಕ್ ಹೊತ್ತು ಊರೂರು ಸುತ್ತುತ್ತಾರೆ? 1995ರಲ್ಲಿ ಆ ಬ್ಯಾಂಡಿನ ಗಿಟಾರ್ ವಾದಕ ಜೆರಿ ಗಾರ್ಸಿಯಾ ತೀರಿಕೊಳ್ಳುವವರೆಗೂ ಆ ಜನಜಾತ್ರೆ ಕರಗಲಿಲ್ಲ. ಫಿಶ್ ಬ್ಯಾಂಡ್ 1999ರ ಕೊನೆಯ ರಾತ್ರಿ ಫ್ಲಾರಿಡಾದಲ್ಲಿ ಮಧ್ಯರಾತ್ರಿಯಿಂದ ಸೂರ್ಯ ಹುಟ್ಟುವವರೆಗೆ ನುಡಿಸಿತು. ಅದೇ ಬ್ಯಾಂಡ್ 2017ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ಒಂದು ಹಾಡನ್ನೂ ಎರಡನೇ ಸಲ ನುಡಿಸಲಿಲ್ಲ. ಕೈಯಲ್ಲಿ ಫೋನ್ ಇದ್ದ ಜನವೇ ಟಿಕೆಟ್ ತಗೊಂಡು ಕೂತು ಕೇಳಿದ್ದು.

ಈಗಿನ ಕಾಲವನ್ನೇ ದೂರಬೇಕು ಅಂದರೆ ಕಾಸಿನ ಲೆಕ್ಕವನ್ನು ದೂರಿ. ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಕಾಸಿನ ಲೆಕ್ಕಕ್ಕೆ ಒಂದು ಎಣಿಕೆ. 3 ನಿಮಿಷದ ಹಾಡಿಗೂ ಒಂದು, 23 ನಿಮಿಷದ ಹಾಡಿಗೂ ಒಂದೇ. ಹಾಗಿರುವಾಗ ಹೊಸ ಬ್ಯಾಂಡ್‌ಗೆ ಉದ್ದ ನುಡಿಸು ಅಂತ ಯಾವ ಬಾಯಲ್ಲಿ ಹೇಳುವುದು?

ಇನ್ನೊಂದು ಮಾತು. ಲೇಖನದ ಜೊತೆ ಕೊಟ್ಟ 'ಕೇಳಲೇಬೇಕಾದ ಹಾಡುಗಳ' ಪಟ್ಟಿಯಲ್ಲಿ 'ವಿಪ್ಪಿಂಗ್ ಪೋಸ್ಟ್'ನ ಸ್ಟುಡಿಯೋ ರೆಕಾರ್ಡಿಂಗ್ ಇದೆ. ದಯವಿಟ್ಟು ಅದನ್ನು ತೆಗೆದು ಫಿಲ್‌ಮೋರ್ ಈಸ್ಟ್‌ನದ್ದು ಹಾಕಿ.

ಇಂತಿ,
ಒಬ್ಬ ಓದುಗ, ಮೈಸೂರು