ಬೇಯಿಸಿದ ಸೇಬಿಗೆ ಸಕ್ಕರೆ ಯಾವಾಗ?

ಮಾನ್ಯ ಸಂಪಾದಕರೇ,

ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಸೇಬು, ಮರಸೇಬುಗಳನ್ನು ಚಕ್ಕೆ-ಲವಂಗ ಹಾಕಿ ಬೇಯಿಸಿ ಬಿಸಿಬಿಸಿಯಾಗಿ ತಿನ್ನುವ ಪಾಕವಿಧಾನಗಳು ಪುರವಣಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕಾಲವೇನೋ ಸರಿಯಾಗಿದೆ. ಹಿಮಾಚಲದ ಸೇಬು ಕಡಿಮೆಯಾಗುತ್ತಾ ಕಾಶ್ಮೀರದ್ದು ಮಾರುಕಟ್ಟೆಗೆ ಇಳಿಯುವ ದಿನಗಳಿವು. ನವರಾತ್ರಿಯ ತಾಂಬೂಲಕ್ಕೆ, ಆಯುಧಪೂಜೆಗೆ ಬಂದ ಹಣ್ಣೂ ಮನೆಯ ತಟ್ಟೆಯಲ್ಲಿ ಬಾಡುತ್ತಾ ಕೂತಿರುತ್ತದೆ. ಆದರೆ ಇಂಥ ಪಾಕವಿಧಾನಗಳು ಸಾಮಾನ್ಯವಾಗಿ ‘ಎಲ್ಲವನ್ನೂ ಕುಕ್ಕರಿಗೆ ಹಾಕಿ ಎರಡು ವಿಷಲ್ ಕೂಗಿಸಿ’ ಎಂಬಲ್ಲಿಗೆ ಮುಗಿದುಬಿಡುತ್ತವೆ. ಅದನ್ನು ನಂಬಿ ಮಾಡಿದವರಿಗೆ ಸಿಗುವುದು ಒಂದೋ ಗಂಜಿಯಂಥ ಮುದ್ದೆ, ಇಲ್ಲವೇ ತೊಗಲಿನಂತೆ ಬಿಗಿದುಕೊಂಡ ಹೋಳು. ಸಕ್ಕರೆ, ಹುಳಿ, ನೀರು ಇವನ್ನು ಯಾವಾಗ ಹಾಕಬೇಕು ಎಂಬುದನ್ನು ಹೇಳದೆ ಹಣ್ಣು ಬೇಯಿಸುವುದನ್ನು ಹೇಳಿಕೊಡಲಾಗದು. ಅದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕುಕ್ಕರಿನ ಮಾತು. ಸೇಬಿನ ತಿರುಳಿನಲ್ಲಿ ನೀರಷ್ಟೇ ಅಲ್ಲ, ಗಾಳಿಯೂ ಧಾರಾಳವಾಗಿದೆ. ಅದಕ್ಕೇ ಸೇಬು ನೀರಿನಲ್ಲಿ ತೇಲುತ್ತದೆ. ಒತ್ತಡದಲ್ಲಿ ಬೇಯುವಾಗ ಆ ತಿರುಳು ನೊರೆಯೆದ್ದು, ವೆಯ್ಟ್ ಕೂರುವ ಕೊಳವೆಗೆ ನುಗ್ಗಿ ಹಬೆಯ ದಾರಿಯನ್ನೇ ಮುಚ್ಚಬಹುದು. ರುಚಿ ಕೆಡುವುದಕ್ಕಿಂತ ದೊಡ್ಡ ಅಪಾಯ ಇದು. ಸೇಬನ್ನು ಕುಕ್ಕರಿನಲ್ಲಿ ಬೇಯಿಸಲೇಬೇಡಿ. ತಳ ದಪ್ಪವಿರುವ ಸ್ಟೀಲ್ ಪಾತ್ರೆ, ಅದಕ್ಕೊಂದು ಮುಚ್ಚಳ, ಇಷ್ಟು ಸಾಕು. ಹುಳಿ ಇರುವ ಅಡುಗೆಯಾದ್ದರಿಂದ ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಎರಡೂ ಬೇಡ. ಕಬ್ಬಿಣದ ಬಾಣಲೆಯಲ್ಲಿ ಹಣ್ಣಿನ ಒಗರು ಕಬ್ಬಿಣದ ಜೊತೆ ಸೇರಿ ಹೋಳು ಕಪ್ಪಗಾಗುತ್ತದೆ.

ಇನ್ನು ಸಕ್ಕರೆ. ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದು ಕರಗಿದರೆ ಹಣ್ಣು ಮೆತ್ತಗಾಗುತ್ತದೆ. ಸಕ್ಕರೆಯೂ ನಿಂಬೆಹುಳಿಯೂ ಪೆಕ್ಟಿನ್ ಕರಗುವುದನ್ನು ತಡೆಯುತ್ತವೆ. ಆದ್ದರಿಂದ ಹೋಳು ಹೋಳಾಗಿಯೇ ಉಳಿಯಬೇಕಾದರೆ ಇವೆರಡನ್ನೂ ಮೊದಲೇ ಹಾಕಬೇಕು. ಮಸೆದು ಮುದ್ದೆ ಮಾಡಬೇಕಾದರೆ ಹಣ್ಣು ಪೂರ್ತಿ ಬೆಂದ ಮೇಲೆ ಹಾಕಬೇಕು. ಸಾರಿನ ಬೇಳೆಗೆ ಮೊದಲೇ ಹುಣಸೆಹುಳಿ ಹಿಂಡಿದರೆ ಬೇಯದೆ ಕೂರುತ್ತದೆ ಎಂದು ನಮ್ಮ ಅಡುಗೆಮನೆಗಳಿಗೆ ಗೊತ್ತೇ ಇದೆ. ಇಲ್ಲಿರುವುದೂ ಅದೇ ಲೆಕ್ಕ.

ಬೆಲ್ಲ ಇನ್ನೂ ಬಿಗಿ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣ ಹಾಕುವ ರೂಢಿಯಿದೆ. ಆ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಮತ್ತಷ್ಟು ಗಟ್ಟಿಮಾಡುತ್ತದೆ. ಬೆಲ್ಲವೇ ಬೇಕೆನ್ನುವವರು ಅದನ್ನು ಬೇರೆ ಪಾತ್ರೆಯಲ್ಲಿ ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಹಣ್ಣು ಬೆಂದ ನಂತರ ಸೇರಿಸಲಿ. ಬೋರ್‌ವೆಲ್ ನೀರಿನಲ್ಲೂ ಇದೇ ತೊಂದರೆ. ಕೋಲಾರ, ತುಮಕೂರಿನ ಕಡೆಯ ಗಡಸು ನೀರಿನಲ್ಲಿ ಬೇಳೆ ಬೇಯದಂತೆ ಮರಸೇಬೂ ಬೇಗ ಬೇಯುವುದಿಲ್ಲ. ಸೇಬಿಗೆ ನಾಲ್ಕು ಚಮಚ ನೀರು ಸಾಕಾಗುವುದರಿಂದ ಅಷ್ಟಾಗಿ ತಿಳಿಯುವುದಿಲ್ಲ. ಮರಸೇಬು ಲೀಟರ್ ನೀರಿನಲ್ಲಿ ಮುಳುಗಿ ಬೇಯಬೇಕು, ಅದಕ್ಕೆ ಫಿಲ್ಟರ್ ನೀರನ್ನೇ ಬಳಸುವುದು ಒಳ್ಳೆಯದು.

ಯಾವ ಸೇಬು ಎಂಬುದನ್ನು ನಮ್ಮ ಪಾಕವಿಧಾನಗಳು ಹೇಳುವುದೇ ಇಲ್ಲ. ಇಂಗ್ಲೆಂಡಿನ ಅಡುಗೆ ಪುಸ್ತಕಗಳು ಸೇಬು ಬೇಯಿಸಿ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಬ್ರಾಮ್ಲಿ ಎಂಬ ಹುಳಿ ಸೇಬು. ಅದು ಬೆಂದರೆ ಹತ್ತಿಯಂತೆ ಅರಳಿ ಕರಗುತ್ತದೆ, ಅದಕ್ಕೆ ಸಕ್ಕರೆ ಹಿಡಿಗಟ್ಟಲೆ ಬೇಕು. ನಮ್ಮ ಮಾರುಕಟ್ಟೆಯಲ್ಲಿರುವುದು ಹೆಚ್ಚಾಗಿ ಡೆಲಿಷಿಯಸ್ ಜಾತಿ. ಸತ್ಯಾನಂದ ಸ್ಟೋಕ್ಸ್ ಅವರು 1916ರಲ್ಲಿ ಶಿಮ್ಲಾ ಬಳಿಯ ಕೋಟಗಢದಲ್ಲಿ ಅಮೆರಿಕದ ರೆಡ್ ಡೆಲಿಷಿಯಸ್ ಸಸಿಗಳನ್ನು ನೆಟ್ಟಲ್ಲಿಂದ ಹಿಮಾಚಲದಲ್ಲಿ ಹಬ್ಬಿದ, ಹಸಿಯಾಗಿಯೇ ತಿನ್ನಲು ಹೇಳಿ ಮಾಡಿಸಿದ ಸಿಹಿ ಸೇಬು. ಅದರಲ್ಲಿ ಹುಳಿ ಕಡಿಮೆ; ಬೇಯಿಸಿದರೆ ಮರಳುಮರಳಾಗಿ ಸಡಿಲುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆಯಲ್ಲಿ ಅದಕ್ಕೆ ಸಕ್ಕರೆ ಸುರಿದರೆ ಬರೀ ಸಿಹಿ. ಹೋಳಾಗಿ ಉಳಿಯಬೇಕಾದರೆ ಹಳದಿ ಬಣ್ಣದ ಗೋಲ್ಡನ್ ಡೆಲಿಷಿಯಸ್ ಆರಿಸಿಕೊಳ್ಳಿ. ರುಚಿಗೆ ನನ್ನ ಆಯ್ಕೆ ಕಾಶ್ಮೀರದ ಮಹಾರಾಜಿ. ಋತುವಿನ ಕೊನೆಯಲ್ಲಿ ಬರುವ, ರಸ ತುಂಬಿದ ಹುಳಿ ಸೇಬು ಅದು. ಹಸಿ ತಿನ್ನುವವರು ಹುಳಿಯೆಂದು ದೂರ ಇಡುತ್ತಾರೆ, ಬೇಯಿಸುವವರಿಗೆ ಅದೇ ವರ. ತಟ್ಟೆಯಲ್ಲಿ ಬಾಡಿ ಹಿಟ್ಟುಹಿಟ್ಟಾದ ಸೇಬನ್ನು ಹೋಳು ಮಾಡಲು ಹೋಗಬೇಡಿ. ಅದರ ಪೆಕ್ಟಿನ್ ಆಗಲೇ ಸಡಿಲಿದೆ, ಮಸೆಯುವುದಕ್ಕೆ ಮಾತ್ರ ಸರಿ.

ಅಳತೆ ಹೀಗಿದೆ. ಸೇಬು ಒಂದು ಕಿಲೋ, ಅಂದರೆ ಮಧ್ಯಮ ಗಾತ್ರದ ಆರು. ಸಿಪ್ಪೆ ಹೆರೆದು, ಬೀಜದ ಗೂಡು ತೆಗೆದು, ಒಂದೊಂದನ್ನು ಎಂಟು ಹೋಳು ಮಾಡಿ. ಹೋಳುಗಳ ದಪ್ಪ ಒಂದೇ ಸಮ ಇರಲಿ, ಇಲ್ಲದಿದ್ದರೆ ಸಣ್ಣದು ಕರಗುವ ಹೊತ್ತಿಗೂ ದೊಡ್ಡದು ಹಸಿಯೇ ಇರುತ್ತದೆ. ಹೆಚ್ಚಿದ ಕೂಡಲೇ ಎರಡು ಟೀ ಚಮಚ ನಿಂಬೆರಸದಲ್ಲಿ ಹೊರಳಿಸಿದರೆ ಕಂದುವುದಿಲ್ಲ. ಸಕ್ಕರೆ ಮಹಾರಾಜಿಗೆ 80 ಗ್ರಾಂ, ಡೆಲಿಷಿಯಸ್‌ಗೆ 40 ಸಾಕು. ನೀರು 60 ಮಿಲಿಲೀಟರ್, ಎರಡಿಂಚು ಉದ್ದದ ಒಂದು ಚಕ್ಕೆ, ಎರಡೇ ಎರಡು ಲವಂಗ, ಚಿಟಿಕೆ ಉಪ್ಪು, ಒಂದು ಟೀ ಚಮಚ ತುಪ್ಪ. ನೀರು ಇಷ್ಟೇ ಸಾಕೇ ಎಂದು ಅನುಮಾನ ಬೇಡ. ಸೇಬಿನ ತೂಕದಲ್ಲಿ ಶೇಕಡಾ 85ರಷ್ಟು ನೀರೇ ಇದೆ, ಐದು ನಿಮಿಷದಲ್ಲಿ ಅದೇ ಬಿಟ್ಟುಕೊಳ್ಳುತ್ತದೆ. ಮೊದಲೇ ಒಂದು ಲೋಟ ನೀರು ಹಾಕಿದವರು ಆಮೇಲೆ ಅದನ್ನು ಇಂಗಿಸಲು ಹೋಗಿ ಹಣ್ಣನ್ನು ಕರಗಿಸಿಕೊಳ್ಳುತ್ತಾರೆ.

ತುಪ್ಪ ಬಿಸಿಮಾಡಿ, ಚಕ್ಕೆ-ಲವಂಗ ಅರ್ಧ ನಿಮಿಷ ಬಾಡಿಸಿ, ಹೋಳು, ಸಕ್ಕರೆ, ಉಪ್ಪು, ನೀರು ಹಾಕಿ ಮುಚ್ಚಿ. ಸಣ್ಣ ಉರಿಯಲ್ಲಿ ಎಂಟು ನಿಮಿಷ. ಮುಚ್ಚಳ ತೆಗೆದಾಗ ಹೋಳನ್ನೇ ನೋಡಿ. ಅಂಚು ಆಗಲೇ ಗಾಜಿನಂತೆ ಹೊಳೆಯುತ್ತಿರುತ್ತದೆ, ನಡುವೆ ಮಾತ್ರ ಸುಣ್ಣದ ಬಿಳಿ ಉಳಿದಿರುತ್ತದೆ. ಆ ಬಿಳಿ ಎಂದರೆ ಒಳಗಿನ ಗಾಳಿ ಇನ್ನೂ ಹೋಗಿಲ್ಲ. ಪಾತ್ರೆಯ ಕಿವಿ ಹಿಡಿದು ಒಮ್ಮೆ ಕುಲುಕಿ, ಸೌಟು ಹಾಕಿ ತಿರುವಬೇಡಿ. ಮುಚ್ಚದೆ ಇನ್ನು ನಾಲ್ಕೈದು ನಿಮಿಷ. ನಡುವಿನ ಬಿಳಿ ಬೆರಳಗಲದಿಂದ ಎಳೆಯಷ್ಟಾದಾಗ ಒಲೆ ಆರಿಸಿ, ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ಪೂರ್ತಿ ಗಾಜಾಗುವವರೆಗೆ ಒಲೆಯ ಮೇಲಿಟ್ಟರೆ ಬಟ್ಟಲಿಗೆ ಬಡಿಸುವಷ್ಟರಲ್ಲಿ ಮುರಿದುಬೀಳುತ್ತದೆ. ಏಲಕ್ಕಿ ಪುಡಿಯನ್ನೂ ಜಾಯಿಕಾಯಿಯ ಎರಡು ಉಜ್ಜನ್ನೂ ಒಲೆ ಆರಿಸಿದ ಮೇಲೆಯೇ ಹಾಕಬೇಕು. ಅವುಗಳ ಪರಿಮಳ ಕುದಿದರೆ ಹಾರಿಹೋಗುತ್ತದೆ.

ಮಸೆದ ಸೇಬು ಬೇಕಾದವರು ಸಕ್ಕರೆ, ನಿಂಬೆ ಬಿಟ್ಟು, ಉರಿ ಜೋರಾಗಿಟ್ಟು ಬೇಗ ಕುದಿ ಬರಿಸಬೇಕು. ನಿಧಾನವಾಗಿ ಬಿಸಿಮಾಡಿ 55ರಿಂದ 65 ಡಿಗ್ರಿಯಲ್ಲಿ ಬಹಳ ಹೊತ್ತು ಬಿಟ್ಟರೆ ಹಣ್ಣಿನಲ್ಲೇ ಇರುವ ಒಂದು ಕಿಣ್ವ ಪೆಕ್ಟಿನ್ನನ್ನು ಗಟ್ಟಿಮಾಡಿಬಿಡುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಗಂಟು ಉಳಿಯುತ್ತದೆ. ಅನ್ನಪ್ರಾಶನವಾದ ಮಗುವಿಗಾದರೆ ಮಸಾಲೆ, ಸಕ್ಕರೆ, ಉಪ್ಪು ಯಾವುದೂ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವಂತೂ ಕೂಡದೇ ಕೂಡದು.

ಮಸಾಲೆಯಲ್ಲಿ ಹೆಚ್ಚಿನ ತಪ್ಪು ಪ್ರಮಾಣದ್ದು. ಲವಂಗ ಎರಡರ ಬದಲು ಆರು ಬಿದ್ದರೆ ನಾಲಿಗೆ ಜೋಮು ಹಿಡಿದಂತಾಗಿ ಹಣ್ಣಿನ ರುಚಿಯೇ ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ. ತೆಳುವಾದ ಪದರಗಳು ಸುರುಳಿ ಸುತ್ತಿದ್ದು ನಿಜವಾದ ದಾಲ್ಚಿನ್ನಿ. ಕ್ಯಾಸಿಯಾ ಕಟು, ಒಂದೇ ತುಂಡು ಸಾಕು. ಚಕ್ಕೆ ಪುಡಿ ಹಾಕಿದರೆ ರಸ ಲೋಳೆಯಾಗುತ್ತದೆ, ಬಣ್ಣವೂ ಮಣ್ಣಿನಂತಾಗುತ್ತದೆ. ಬಡಿಸುವ ಮುನ್ನ, ಇಲ್ಲವೇ ಫ್ರಿಜ್‌ಗೆ ಇಡುವ ಮುನ್ನ ಚಕ್ಕೆ-ಲವಂಗ ಆರಿಸಿ ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಒಗರು. ಒಣದ್ರಾಕ್ಷಿ ಸೇರಿಸುವವರು ವಿಜಯಪುರದ್ದು ಒಂದು ಹಿಡಿ ತೆಗೆದು, ಬೆಚ್ಚಗಿನ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆಯುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ರಸವನ್ನೆಲ್ಲ ಕುಡಿದು ಸೇಬು ತಳ ಹಿಡಿಯುತ್ತದೆ.

ಮರಸೇಬಿನ ಕ್ರಮ ಬೇರೆ. ಗಟ್ಟಿ ಕಾಯನ್ನು ಸಿಪ್ಪೆ ತೆಗೆದು ಎರಡು ಹೋಳು ಮಾಡಿ, ಒಂದು ಲೀಟರ್ ನೀರಿಗೆ 200 ಗ್ರಾಂ ಸಕ್ಕರೆಯ ತೆಳು ಪಾಕದಲ್ಲಿ ಬೇಯಿಸಬೇಕು. ನಿಂಬೆಯ ಸಿಪ್ಪೆ ಎರಡು ಪಟ್ಟಿ (ಒಳಗಿನ ಬಿಳಿ ಬೇಡ, ಕಹಿ), ಚಕ್ಕೆ ಒಂದು, ಅನಾನಸ್ ಹೂ ಒಂದು, ಜಜ್ಜಿದ ಶುಂಠಿ ಅರ್ಧ ಇಂಚು. ಪಾಕ ಗಟ್ಟಿಯಿದ್ದರೆ ಬೇಯುವ ಮುನ್ನವೇ ಹಣ್ಣಿನೊಳಗಿನ ನೀರು ಹೊರಕ್ಕೆ ಸೆಳೆದುಕೊಂಡು ಕಾಯಿ ಸುಕ್ಕುಗಟ್ಟುತ್ತದೆ. ಹೋಳುಗಳು ತೇಲಿದರೆ ಮೇಲ್ಭಾಗ ಕಂದುತ್ತದೆ, ಪಾತ್ರೆಯೊಳಗೆ ಹಿಡಿಯುವ ಚಿಕ್ಕ ಸ್ಟೀಲ್ ತಟ್ಟೆಯೊಂದನ್ನು ಹಣ್ಣಿನ ಮೇಲೆ ಬೋರಲು ಹಾಕಿ ಅದುಮಿಡಿ. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. ಹಣ್ಣಿನ ಹದ ನೋಡಿ 25ರಿಂದ 40 ನಿಮಿಷ. ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ತಿನ್ನುವಾಗ ಹಲ್ಲಿಗೆ ಸಿಗುವ ಮರಳು ಎಷ್ಟು ಬೇಯಿಸಿದರೂ ಹೋಗದು. ಅದು ಮರಸೇಬಿನ ಕಲ್ಲಿನಂಥ ಜೀವಕೋಶಗಳ ಗುಣ, ಬೀಜದ ಗೂಡಿನ ಸುತ್ತ ಧಾರಾಳವಾಗಿ ಕೆತ್ತಿ ತೆಗೆದರೆ ಕಡಿಮೆಯಾಗುತ್ತದೆ. ಕೆಲವು ಕಾಯಿ ಬಹಳ ಹೊತ್ತು ಬೆಂದಾಗ ನಸುಗೆಂಪಾದರೆ ಹೆದರಬೇಡಿ. ಒಗರಿನ ಅಂಶವೇ ಹುಳಿಯಲ್ಲಿ ಕಾದು ಹಾಗೆ ಬಣ್ಣ ತಿರುಗುತ್ತದೆ. ಬೆಂದ ಹಣ್ಣನ್ನು ಪಾಕದಲ್ಲೇ ತಣಿಯಲು ಬಿಟ್ಟು, ಆಮೇಲೆ ಹಣ್ಣು ತೆಗೆದಿಟ್ಟು ಪಾಕವನ್ನು ಅರ್ಧಕ್ಕೆ ಇಂಗಿಸಿ ಬಿಸಿಯಾಗಿ ಮೇಲೆ ಸುರಿಯಿರಿ.

ನಮ್ಮದೇ ಶರತ್ಕಾಲದ ಹಣ್ಣುಗಳಲ್ಲಿ ಸೀಬೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನಡುವಿನ ಬೀಜದ ಭಾಗವನ್ನು ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಜರಡಿಯಲ್ಲಿ ಉಜ್ಜಿ, ಆ ಗಟ್ಟಿ ರಸದಲ್ಲೇ ಹೊರಗಿನ ತಿರುಳಿನ ಹೋಳು ಬೇಯಿಸಿದರೆ ಬೀಜದ ಕಾಟವಿಲ್ಲ. ಸೀತಾಫಲವನ್ನು ಮಾತ್ರ ಒಲೆಯ ಹತ್ತಿರ ತರಬೇಡಿ, ಬಿಸಿಯಾದರೆ ಕಹಿಯಾಗುತ್ತದೆ. ಅದನ್ನೂ ಬಾಸುಂದಿಯ ಹಾಗೆ ಕುದಿಸಿ ಎಂದು ಬರೆಯುವವರಿದ್ದಾರೆ. ಹಾಲು ಇಂಗಿ, ತಣಿದ ಮೇಲೆ ತಿರುಳು ಬೆರೆಸುವುದೇ ಸರಿ. ಬೇಯಿಸಿದ ಸೇಬಿಗೂ ಬಿಸಿ ಹಾಲು ಸುರಿಯಬಾರದು, ನಿಂಬೆಯಿಂದ ಒಡೆಯುತ್ತದೆ. ಗಟ್ಟಿ ಮೊಸರು, ಸೆಟ್ ದೋಸೆ, ಚಪಾತಿ ಇವುಗಳ ಜೊತೆ ಚೆಂದ.

ಪುರವಣಿಯಲ್ಲಿ ಹಣ್ಣಿನ ಪಾಕವಿಧಾನ ಅಚ್ಚು ಮಾಡುವಾಗ ಮೂರು ವಿಷಯ ಕಡ್ಡಾಯವಾಗಿ ಇರಲಿ ಎಂಬುದು ನನ್ನ ವಿನಂತಿ: ಹಣ್ಣಿನ ಜಾತಿ, ಗ್ರಾಂ ಲೆಕ್ಕದ ತೂಕ, ಸಕ್ಕರೆ ಹಾಕುವ ಹೊತ್ತು. ‘ಸಕ್ಕರೆ ರುಚಿಗೆ ತಕ್ಕಷ್ಟು’ ಎಂಬ ಸಾಲನ್ನು ಹಣ್ಣಿನ ಮಟ್ಟಿಗಾದರೂ ಬಿಡಬೇಕು. ಎಷ್ಟು ದಿನ ಇಡಬಹುದೆಂಬ ಮಾತೂ ಸೇರಲಿ. ಇಷ್ಟು ಕಡಿಮೆ ಸಕ್ಕರೆಯಲ್ಲಿ ಬೆಂದದ್ದು ಜಾಮ್ ಅಲ್ಲ. ಫ್ರಿಜ್‌ನಲ್ಲಿ ನಾಲ್ಕು ದಿನ, ಅದೂ ಒಣ ಚಮಚ ಬಳಸಿದರೆ. ಗುಳ್ಳೆ ಕಂಡರೆ, ಮುಚ್ಚಳ ತೆಗೆದಾಗ ಹುಳಿ ಹೆಂಡದ ವಾಸನೆ ಬಂದರೆ ಮತ್ತೆ ಕುದಿಸಿ ಉಳಿಸಿಕೊಳ್ಳಲು ಹೋಗದೆ ಚೆಲ್ಲಬೇಕು.

ಇಂತಿ ತಮ್ಮ ಓದುಗರಲ್ಲೊಬ್ಬರು,
ಮೈಸೂರು